ಓಟದ ಮೇಜಿನ ಮೇಲೆ ಏನಿದೆ ಎಂದು ಮೊದಲೇ ಹೇಳಿ

ಸಂಪಾದಕರಿಗೆ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಎನರ್ಜಿ ಜೆಲ್ (ಓಡುತ್ತಾ ಬಾಯಿಗೆ ಹಿಂಡಿಕೊಳ್ಳುವ ಸಿಹಿ ಪೊಟ್ಟಣ), ಸ್ಪೋರ್ಟ್ಸ್ ಡ್ರಿಂಕ್ ಎಲ್ಲಾ ಬರೀ ಸಕ್ಕರೆ ಪಾಕ, ಕಂಪನಿಗಳ ಮೋಸ, ಓಡುವವರಿಗೆ ಒಂದು ಎಳನೀರು ಸಾಕು ಎಂದು ಬಂದ ಬರಹ ಓದಿದೆ. ಸಕ್ಕರೆ ಪಾಕ ಎನ್ನುವುದು ನಿಜ. ಮೋಸ ಎನ್ನುವುದು ಅರ್ಧ ನಿಜ. ಎಳನೀರು ಸಾಕು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಓಟ ನಡೆಸುವವರಿಗೂ ಕೊನೆಗೆ ಒಂದು ಮಾತು ಹೇಳುವುದಿದೆ.

ನನಗೀಗ 51, ಬ್ಯಾಂಕ್ ನೌಕರ. ಒಂಬತ್ತು ವರ್ಷದಿಂದ ಮೈಸೂರಿನಲ್ಲಿ ಓಡುತ್ತಿದ್ದೇನೆ. ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆ, ಭಾನುವಾರ ಚಾಮುಂಡಿ ಬೆಟ್ಟದ ರಸ್ತೆ. ಫುಲ್ ಮ್ಯಾರಥಾನ್ (42 ಕಿಲೋಮೀಟರ್) ನಾಲ್ಕು ಮುಗಿಸಿದ್ದೇನೆ, ಒಂದನ್ನು ನಡುವೆ ಬಿಟ್ಟಿದ್ದೇನೆ. ನಾಲ್ಕೂವರೆ ಗಂಟೆಯವನು ನಾನು, ಗೆಲ್ಲುವ ಪೈಕಿ ಅಲ್ಲ, ಮುಗಿಸುವ ಪೈಕಿ.

ಮೊದಲ ಮ್ಯಾರಥಾನಿನಲ್ಲಿ ನೀರು ಬಿಟ್ಟು ಏನೂ ಮುಟ್ಟಲಿಲ್ಲ. 'ಹಳೇ ಕಾಲದವರು ಜೆಲ್ ತಿಂದು ಓಡುತ್ತಿದ್ದರಾ' ಎಂಬ ಜಂಬ. 32ನೇ ಕಿಲೋಮೀಟರಿಗೆ ಕಾಲಿಗೆ ಯಾರೋ ಬೀಗ ಹಾಕಿದ ಹಾಗಾಯಿತು. ಸುಸ್ತು ಬೇರೆ, ಇದು ಬೇರೆ. ತಲೆಯೂ ಮಂಕಾಗಿ, ಇನ್ನು ಎಷ್ಟು ಕಿಲೋಮೀಟರ್ ಉಳಿದಿದೆ ಎಂದು ಕೂಡಿ ಕಳೆಯಲೂ ಆಗದೆ (ಬ್ಯಾಂಕಿನವನಿಗೆ!) ರಸ್ತೆ ಪಕ್ಕ ಕೂತುಬಿಟ್ಟೆ. ಓಟಗಾರರು ಇದನ್ನೇ 'ವಾಲ್' ಎನ್ನುತ್ತಾರೆ. ಅವತ್ತು ಒಬ್ಬ ಸ್ವಯಂಸೇವಕ ಹುಡುಗಿ ಎರಡು ಬಾಳೆಹಣ್ಣು ಕೊಟ್ಟಳು. ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಎದ್ದು ನಡೆದು ಓಡಿ ಹೇಗೋ ಮುಗಿಸಿದೆ.

ಲೆಕ್ಕ ಸರಳ. ಮೈಯಲ್ಲಿ, ಅಂದರೆ ಸ್ನಾಯು ಮತ್ತು ಲಿವರಿನಲ್ಲಿ, ಕೂಡಿಟ್ಟ ಸಕ್ಕರೆಯ ದಾಸ್ತಾನು, ಗ್ಲೈಕೋಜನ್, ಸುಮಾರು 500 ಗ್ರಾಂ, ಅಂದರೆ 2,000 ಕ್ಯಾಲೊರಿ ಆಸುಪಾಸು. ಓಡುವಾಗ ಒಂದು ಕಿಲೋಮೀಟರಿಗೆ, ಒಂದು ಕಿಲೋ ಮೈತೂಕಕ್ಕೆ, ಹೆಚ್ಚು ಕಡಿಮೆ ಒಂದು ಕ್ಯಾಲೊರಿ ಖರ್ಚು. ನನ್ನ 65 ಕಿಲೋಗೆ 42 ಕಿಲೋಮೀಟರ್ ಎಂದರೆ 2,700 ದಾಟುತ್ತದೆ. ಮೈಯ ಕೊಬ್ಬು ಬೇಕಾದಷ್ಟಿದೆ (ನನ್ನ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ), ಆದರೆ ಅದು ನಿಧಾನವಾಗಿ ಉರಿಯುವ ಸೌದೆ, ಓಟದ ವೇಗಕ್ಕೆ ಅದೊಂದೇ ಸಾಲದು. ಅದಕ್ಕೇ ಒಂದೂವರೆ, ಎರಡು ಗಂಟೆ ದಾಟುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ತೆಗೆದುಕೊಳ್ಳಿ ಎನ್ನುತ್ತಾರೆ. ಒಂದು ಜೆಲ್ ಪೊಟ್ಟಣದಲ್ಲಿ ಸಾಮಾನ್ಯವಾಗಿ 20-25 ಗ್ರಾಂ ಇರುತ್ತದೆ. ಮಾಲ್ಟೋಡೆಕ್ಸ್ಟ್ರಿನ್, ಫ್ರಕ್ಟೋಸ್ (ಎರಡೂ ಕಾರ್ಬೊಹೈಡ್ರೇಟೇ), ಸ್ವಲ್ಪ ಉಪ್ಪು, ಕೆಲವದರಲ್ಲಿ ಕೆಫೀನ್, ಇಷ್ಟೇ ಅದರ ಗುಟ್ಟು.

ಈಗ ಎಳನೀರಿಗೆ ಬರುತ್ತೇನೆ. ನನಗೂ ಇಷ್ಟವೇ, ಓಟ ಮುಗಿದ ಮೇಲೆ ಎರಡು ಕುಡಿಯುತ್ತೇನೆ. ಆದರೆ ಅದರಲ್ಲಿ ಜಾಸ್ತಿ ಇರುವುದು ಪೊಟ್ಯಾಶಿಯಂ, ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ. ಸಕ್ಕರೆಯೂ ಸ್ಪೋರ್ಟ್ಸ್ ಡ್ರಿಂಕಿನ ಅರ್ಧದಷ್ಟೇ. ಗಂಟೆಗೆ 40 ಗ್ರಾಂ ಬೇಕೆಂದರೆ ಓಡುತ್ತಾ ಓಡುತ್ತಾ ಒಂದು ಲೀಟರಿಗಿಂತ ಹೆಚ್ಚು ಎಳನೀರು ಕುಡಿಯಬೇಕು. ಕುಡಿದು ಓಡಿ ನೋಡಿ, ಹೊಟ್ಟೆ ಕುಲುಕುವುದು ಪಕ್ಕದವನಿಗೂ ಕೇಳಿಸುತ್ತದೆ.

ಬಿಟ್ಟ ಮ್ಯಾರಥಾನ್ ಕಥೆ ಇದಕ್ಕೆ ಉಲ್ಟಾ. ಮೊದಲ ಸಲದ ಭಯಕ್ಕೆ ಈ ಸಲ ಆರು ಜೆಲ್ ಸೊಂಟಕ್ಕೆ ಕಟ್ಟಿಕೊಂಡು ಹೊರಟೆ, ಒಂದಕ್ಕೆ ನೂರೈವತ್ತು ರೂಪಾಯಿ ಕೊಟ್ಟು ತಂದದ್ದು, ಪ್ರಾಕ್ಟೀಸ್ ಓಟದಲ್ಲಿ ಒಂದನ್ನೂ ತಿಂದು ನೋಡಿರಲಿಲ್ಲ, ದುಡ್ಡು ದಂಡ ಎಂದು. 24ನೇ ಕಿಲೋಮೀಟರಿನ ಹತ್ತಿರ ಒಂದು ಜೆಲ್ ಹಿಂಡಿಕೊಂಡು, ನೀರು ಕುಡಿಯೋಣ ಎಂದು ಓಟ ನಡೆಸುವವರು ರಸ್ತೆ ಬದಿ ಇಟ್ಟ ಮೇಜಿನ ಮೇಲಿದ್ದ ಲೋಟ ಎತ್ತಿದರೆ ಅದರಲ್ಲಿ ನೀಲಿ ಬಣ್ಣದ ಏನೋ ಇತ್ತು. ಬಾಯಾರಿಕೆ, ಎರಡು ಲೋಟ ಕುಡಿದೆ. ಪಾನಕಕ್ಕಿಂತ ಸಿಹಿ. ಹೊಟ್ಟೆಯಲ್ಲಿ ಸಕ್ಕರೆ ಗಟ್ಟಿಯಾದರೆ ಅದನ್ನು ತೆಳು ಮಾಡಲು ಮೈಯ ನೀರೇ ಕರುಳಿಗೆ ಇಳಿಯುತ್ತದೆ, ಓಡುವಾಗ ರಕ್ತವೆಲ್ಲ ಕಾಲಿಗೆ ಹೋಗಿ ಕರುಳು ಮೊದಲೇ ಸೊರಗಿರುತ್ತದೆ. ಜೆಲ್ ಮೇಲೆ ನೀರನ್ನೇ ಕುಡಿಯಬೇಕು, ಸಿಹಿ ಪಾನೀಯ ಕುಡಿಯಬಾರದು ಎನ್ನುವುದು ಇದಕ್ಕೇ. ಆಮೇಲೆ ಆದದ್ದನ್ನು ಪತ್ರಿಕೆಯಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ. ಕಬ್ಬಿನ ಗದ್ದೆ ಹತ್ತಿರದಲ್ಲೇ ಇತ್ತು ಎಂದಷ್ಟೇ ಹೇಳುತ್ತೇನೆ. 28ನೇ ಕಿಲೋಮೀಟರಿಗೆ, ಓಟ ಬಿಟ್ಟವರನ್ನು ಹತ್ತಿಸಿಕೊಳ್ಳಲು ಹಿಂದೆ ಬರುವ ವ್ಯಾನು ಹತ್ತಿದೆ.

ವ್ಯಾನಿನಲ್ಲಿದ್ದ ಹುಡುಗನನ್ನು ಕೇಳಿದೆ, ಆ ನೀಲಿ ನೀರಿಗೆ ಎಷ್ಟು ಪುಡಿ ಹಾಕಿದ್ದೀರಿ ಎಂದು. 'ಅಂದಾಜಿಗೆ ಹಾಕಿದ್ವಿ ಸಾರ್, ಜನ ರುಚಿ ಇಲ್ಲ ಅಂತಾರೆ ಅಂತ ಒಂದು ಪ್ಯಾಕೆಟ್ ಜಾಸ್ತಿನೇ ಬಿಟ್ವಿ.' ಅವನ ತಪ್ಪಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. 100 ಮಿಲಿಗೆ 6ರಿಂದ 8 ಗ್ರಾಂ ಸಕ್ಕರೆ, ಅದು ಸ್ಪೋರ್ಟ್ಸ್ ಡ್ರಿಂಕಿನ ಹದ. ಮೀರಿದರೆ ಹೊಟ್ಟೆಯಲ್ಲೇ ನಿಲ್ಲುತ್ತದೆ.

ಈ ಹದ ನಮಗೆ ಹೊಸದೂ ಅಲ್ಲ. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಡಾಕ್ಟರ್ ರಾಬರ್ಟ್ ಕೇಡ್ ಅಲ್ಲಿನ ಫುಟ್‌ಬಾಲ್ ಹುಡುಗರಿಗೆಂದು ನೀರಿಗೆ ಉಪ್ಪು ಸಕ್ಕರೆ ಕಲಸಿದರು. ಬಾಯಿಗಿಡಲು ಆಗದ ರುಚಿ. ನಿಂಬೆರಸ ಹಿಂಡಿ ಎಂದು ಸಲಹೆ ಕೊಟ್ಟದ್ದು ಅವರ ಹೆಂಡತಿ. ಅದೇ ಗೇಟರೇಡ್ ಎಂಬ ಸ್ಪೋರ್ಟ್ಸ್ ಡ್ರಿಂಕ್. ರಾಮನವಮಿ ದಿನ ಬೀದಿಯಲ್ಲಿ ಹಂಚುವ ಪಾನಕಕ್ಕೂ ಇದಕ್ಕೂ ಉಪ್ಪೊಂದೇ ವ್ಯತ್ಯಾಸ, ಏಲಕ್ಕಿ ನಮ್ಮ ಕಡೆ ಲಾಭ. ನಾನೀಗ ಭಾನುವಾರದ ಲಾಂಗ್ ರನ್ನಿಗೆ ಒಂದು ಲೀಟರ್ ನೀರಿಗೆ 60-65 ಗ್ರಾಂ ಮಂಡ್ಯದ ಬೆಲ್ಲ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು ಹಾಕಿಕೊಂಡು, ಬಟ್ಟೆಯಲ್ಲಿ ಸೋಸಿ ಒಯ್ಯುತ್ತೇನೆ. ಹತ್ತು ರೂಪಾಯಿ ಆಗುವುದಿಲ್ಲ.

ಹಾಗಂತ ಜೆಲ್ ಬಿಟ್ಟಿಲ್ಲ. 35ನೇ ಕಿಲೋಮೀಟರಿನಲ್ಲಿ ಚಿಕ್ಕಿ ಅಗಿಯಲು ಹಲ್ಲಿಗೂ ಬೇಜಾರು, ಪಾನಕದ ಬಾಟಲಿ ಹೊತ್ತು ಓಡುವುದೂ ಭಾರ. ಆಗ ಜೆಲ್ಲಿಗೆ ಕೊಟ್ಟ ದುಡ್ಡಿಗೆ ಅರ್ಥವಿದೆ. ಇದಕ್ಕೆಲ್ಲ ಹೊಟ್ಟೆಗೂ ಅಭ್ಯಾಸ ಬೇಕು, ಕಾಲಿಗೆ ಮಾಡಿಸುವ ಹಾಗೆ. ಶುಗರ್ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಈ ಯಾವುದಕ್ಕೂ ಕೈ ಹಾಕಬೇಡಿ.

ಮೋಸ ಎನ್ನುವುದು ಅರ್ಧ ನಿಜ ಎಂದೆನಲ್ಲ, ಆ ಅರ್ಧ ಇದು. ಕೆರೆ ಸುತ್ತ ಒಂದು ಸುತ್ತು ನಡೆದು, ಬೆವರೂ ಸರಿಯಾಗಿ ಬಂದಿರದೆ, ಸ್ಪೋರ್ಟ್ಸ್ ಡ್ರಿಂಕ್ ಬಾಟಲಿ ಖಾಲಿ ಮಾಡುವವರನ್ನು ದಿನಾ ನೋಡುತ್ತೇನೆ. ಸುಮ್ನೆ ಸಕ್ಕರೆ ಒಳಗೆ ಹಾಕಿದ್ದು. ಬೆಂಗಳೂರಿನ 10ಕೆ (ಹತ್ತು ಕಿಲೋಮೀಟರ್) ಓಡುವವರಲ್ಲೂ ಹೆಚ್ಚಿನವರಿಗೆ ಜೆಲ್ ಬೇಕಿಲ್ಲ. ಸುಮಾರು ಒಂದು ಗಂಟೆಯ ಓಟಕ್ಕೆ ಸಿಹಿ ಪಾನೀಯ ಬಾಯಿ ಮುಕ್ಕಳಿಸಿ ಉಗಿದರೂ ಮೆದುಳಿಗೆ ಹುರುಪು ಬರುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ, ತಮಾಷೆ ಅಲ್ವಾ? ಇನ್ನು ಮಕ್ಕಳ ಕೈಗೆ ಕೆಫೀನಿನ ಎನರ್ಜಿ ಡ್ರಿಂಕ್ ಕೊಟ್ಟು 'ಸ್ಪೋರ್ಟ್ಸ್‌ಗೆ ಒಳ್ಳೆಯದು' ಎನ್ನುವ ಅಪ್ಪ ಅಮ್ಮಂದಿರು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಲಿ. ಮಕ್ಕಳಿಗೆ ಸಲ್ಲದು ಎಂದು ಅದರಲ್ಲೇ ಬರೆದಿರುತ್ತದೆ. ಓಆರ್‌ಎಸ್ ಹೆಸರಿನಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳ ಹಣೆಯಿಂದ ಆ ಹೆಸರು ತೆಗೆಸಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಗೆ 2025ರ ಅಕ್ಟೋಬರ್ ತನಕ ಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದು ಭೇದಿಗೆ ಮದ್ದು, ಓಟಕ್ಕೆ ಇಂಧನವಲ್ಲ.

ನೀರನ್ನೂ ಅತಿ ಮಾಡಬೇಡಿ, ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ನೋಡಿದಾಗ 13 ಶೇಕಡಾ ಮಂದಿಯಲ್ಲಿ ಸೋಡಿಯಂ ಇಳಿದಿತ್ತು, ಓಡುತ್ತಾ ಮೈತೂಕ ಹೆಚ್ಚಿಸಿಕೊಂಡವರಲ್ಲಿ ಇದು ಜಾಸ್ತಿ. ಓಡುತ್ತಾ ತೂಕ ಏರಿದೆ ಎಂದರೆ ಹೋದದ್ದಕ್ಕಿಂತ ಹೆಚ್ಚು ಕುಡಿದಿದ್ದಾರೆ ಎಂದೇ ಅರ್ಥ. ಓಡುವ ಮುಂಚೆ, ಓಡಿದ ಮೇಲೆ ತಕ್ಕಡಿ ಹತ್ತಿ ನೋಡಿ, ಒಂದು ಕಿಲೋ ಇಳಿದಿದ್ದರೆ ಹೆಚ್ಚು ಕಡಿಮೆ ಒಂದು ಲೀಟರ್ ಹೋಗಿದೆ. ಮಂಗಳೂರಿನ ಸೆಕೆಯಲ್ಲಿ ಹೋಗುವಷ್ಟು ಮೈಸೂರಿನ ಡಿಸೆಂಬರಿನಲ್ಲಿ ಹೋಗುವುದಿಲ್ಲ.

ನಾನು ಈ ಪತ್ರ ಬರೆದದ್ದು ಓಟ ನಡೆಸುವವರಿಗೆ. ಎರಡು ಸಾವಿರ ರೂಪಾಯಿ ಶುಲ್ಕ ತೆಗೆದುಕೊಳ್ಳುತ್ತೀರಿ, ಟೀ ಶರ್ಟಿನ ಬಣ್ಣವನ್ನು ಆರು ತಿಂಗಳ ಮುಂಚೆ ಹೇಳುತ್ತೀರಿ. ಎಷ್ಟನೇ ಕಿಲೋಮೀಟರಿನಲ್ಲಿ ನೀರು, ಎಲ್ಲಿ ಯಾವ ಪಾನೀಯ, ಯಾವ ಜೆಲ್, ಲೀಟರಿಗೆ ಎಷ್ಟು ಗ್ರಾಂ ಪುಡಿ ಎನ್ನುವುದನ್ನೂ ಒಂದು ತಿಂಗಳ ಮುಂಚೆ ಹೇಳಿ, ನಾವು ಅದನ್ನೇ ಕುಡಿದು ಅಭ್ಯಾಸ ಮಾಡುತ್ತೇವೆ. ನೀರಿನ ಲೋಟ, ಸಿಹಿ ಲೋಟ ಬೇರೆ ಬೇರೆ ಮೇಜಿನ ಮೇಲಿಡಿ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ. ಕಲಸುವ ಹುಡುಗರ ಕೈಗೆ ಅಳತೆಯ ಲೋಟ ಕೊಡಿ.

ಮುಂದಿನ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಇದನ್ನೆಲ್ಲ ಕೇಳಿ ಮೇಲ್ ಹಾಕಿದ್ದಕ್ಕೆ ಮೂರು ವಾರದ ನಂತರ ಉತ್ತರ ಬಂತು: 'ಎಲ್ಲಾ ವ್ಯವಸ್ಥೆ ಇರುತ್ತದೆ ಸರ್, ಎಂಜಾಯ್ ಮಾಡಿ.'

ಇಂತಿ,
ಒಬ್ಬ ಓದುಗ, ಮೈಸೂರು