ಹುಟ್ಟುಹಬ್ಬದ ತಿಂಗಳಲ್ಲಿ ಮಗಳಿಗೆ

ಚಿ. ಸೌ. ಪುಟ್ಟಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಳಿಯಂದಿರನ್ನೂ ಮಗುವನ್ನೂ ಕೇಳಿದೆನೆಂದು ಹೇಳು.

ನಿನ್ನ ಹೆಸರಲ್ಲಿ ಅರ್ಚನೆ ಮಾಡಿಸಲು ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿದ್ದೆ. ನಾನು ನಕ್ಷತ್ರ ಹೇಳುವ ಮೊದಲೇ ಅರ್ಚಕರು, "ನಮ್ಮ ಡಾಕ್ಟರಮ್ಮನ ಹುಟ್ಟುಹಬ್ಬವಾ?" ಅಂದರು. ಊರಿಗೆ ಊರೇ ನಿನ್ನನ್ನು "ನಮ್ಮ" ಅನ್ನುತ್ತದೆ. ಹೆತ್ತವಳಿಗೆ ಇದಕ್ಕಿಂತ ಇನ್ನೇನು ಬೇಕು?

ಹೋದ ಯುಗಾದಿಗೆ ಬಂದಾಗ ಪಕ್ಕದ ಮನೆಯವರ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತಲ್ಲ, ಆ ರಾತ್ರಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಿನ್ನನ್ನೇ ನೋಡುತ್ತಿದ್ದೆ. ಹಬ್ಬದ ಸೀರೆಯ ಸೆರಗು ಸಿಕ್ಕಿಸಿ, ತೋಳಿನವರೆಗೆ ಸೋಪು ಹಚ್ಚಿ ತೊಳೆದುಕೊಂಡು ಒಳಗೆ ಕೈ ಹಾಕಿ ನೋಡಿದೆ. "ಮುಂಗಾಲು ಸರಿಯಾಗಿದೆ, ತಲೆ ಹಿಂದಕ್ಕೆ ಹೊರಳಿದೆ, ಯಾರೂ ಎಳೀಬೇಡಿ" ಅಂದೆ ನೀನು. ಕರುವನ್ನು ಕೊಂಚ ಒಳಕ್ಕೆ ದೂಡಿ, ತಲೆ ನೆಟ್ಟಗೆ ಮಾಡಿ, ಆಮೇಲೆ ಹಗ್ಗವನ್ನು ಗಂಡಸರ ಕೈಗೆ ಕೊಟ್ಟು, "ಹಸು ತಿಣುಕಿದಾಗ ಮಾತ್ರ ಎಳೀರಿ" ಎಂದೆ. ಮೀಸೆ ನರೆತವರೆಲ್ಲ ನಿನ್ನ ಬಾಯನ್ನೇ ನೋಡುತ್ತ, ನೀನು ಹೇಳಿದಾಗ ಎಳೆದು, ಬೇಡವೆಂದಾಗ ಬಿಟ್ಟರು. ಕರು ಬಿದ್ದ ಕೂಡಲೆ ಮೂಗಿನ ಲೋಳೆ ತೆಗೆದು ಹುಲ್ಲಿನಿಂದ ಮೈ ಉಜ್ಜಿದೆ. ಅದು ತಲೆ ಎತ್ತಿತು. ಆ ಹೊತ್ತು ನನಗೆ ಆದ ಹೆಮ್ಮೆ ನಿನಗೆ ಕೆಲಸದ ಆರ್ಡರ್ ಬಂದ ದಿನವೂ ಆಗಿರಲಿಲ್ಲ.

ನಮ್ಮ ಪಿತ್ರಾರ್ಜಿತ ಗದ್ದೆಯನ್ನು ನಿನಗೂ ತಮ್ಮನಿಗೂ ಪಾಲು ಮಾಡುವ ಮಾತು ಎದ್ದಿದೆಯಲ್ಲ, ಅದೇ ಗಂಡಸರು ಈಗ ಜಗಲಿಯಲ್ಲಿ ಕೂತು, "ಡಾಕ್ಟರಮ್ಮನಿಗೆ ಸಂಬಳ ಇದೆ, ಜಮೀನು ಯಾಕೆ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅನ್ನುತ್ತಿದ್ದಾರೆ. ಅವರು ಅಂದರೆ ಅನ್ನಲಿ. ನೀನೂ ಮೊನ್ನೆ ಫೋನಿನಲ್ಲಿ, "ತಮ್ಮನಿಗೇ ಇರಲಿ ಬಿಡಮ್ಮ, ಎಲ್ಲಿ ಸಹಿ ಹಾಕಬೇಕೋ ಹೇಳು, ಬಂದು ಹಾಕ್ತೀನಿ" ಅಂದೆಯಲ್ಲ, ಅದಕ್ಕೇ ಈ ಕಾಗದ.

ಹಾಕಬೇಡ, ಮಗಳೇ.

ನೀನು ಹುಟ್ಟಿದ ಶ್ರಾವಣಕ್ಕೆ ಸ್ವಲ್ಪ ಮುಂಚೆ, 1994ರ ಜುಲೈ 30ರಂದು, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂತು. ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ನನ್ನ ಮದುವೆ 1991ರಲ್ಲೇ ಆಗಿತ್ತು. 2005ರ ಸೆಪ್ಟೆಂಬರ್ 9ರಂದು ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದು, ಮದುವೆಯಾದವಳು ಆಗದವಳು ಎಂಬ ಭೇದ ಹೋಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿಗಳನ್ನು ಅದು ಮುಟ್ಟಲಿಲ್ಲ. ನಿನ್ನ ಸೋದರಮಾವಂದಿರು ತೋಟ ಹಂಚಿಕೊಂಡು ರಿಜಿಸ್ಟ್ರಿ ಮಾಡಿಸಿದ್ದು 1998ರಲ್ಲಿ. ನನಗೆ ಬಂದದ್ದು ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ಗೌರಿ ಹಬ್ಬಕ್ಕೆ ಬಾಗಿನ. ಅವರ ಪ್ರೀತಿಯಲ್ಲಿ ಕೊರತೆ ಇಲ್ಲ, ಅದು ನಿಜ. ಆದರೂ ಆ ತೋಟದ ಬೇಲಿ ದಾಟುವಾಗ ನಾನು ನೆಂಟಳು. ನೀನು ಹಾಗಾಗಬಾರದು.

ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು, ನಿನ್ನ ಹುಟ್ಟುಹಬ್ಬದ ತಿಂಗಳಲ್ಲೇ, ಉಳಿದ ಗೊಂದಲವನ್ನೂ ತೀರಿಸಿತು: 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ, ಮಗಳ ಹಕ್ಕು ಅವಳ ಹುಟ್ಟಿನಿಂದಲೇ ಬಂದದ್ದು. ಅದು ಯಾರೋ ಕೊಡುವ ದಾನವಲ್ಲ ಎಂದ ಮೇಲೆ "ನನಗೆ ಬೇಕಾ, ಬೇಡವಾ" ಎಂಬ ಲೆಕ್ಕವೇ ಬೇರೆ. ನಿನ್ನ ತಮ್ಮನಿಗೂ ಕೆಲಸವಿದೆ, ಸಂಬಳವಿದೆ. ಅವನಿಗೆ ಗದ್ದೆ ಯಾಕೆ ಎಂದು ಜಗಲಿಯಲ್ಲಿ ಯಾರೂ ಕೇಳಲಿಲ್ಲ.

ನಿನ್ನ ಪಾಲನ್ನು ಬಿಟ್ಟುಕೊಟ್ಟೆ ಎಂದು ಬರೆದುಕೊಡುವ ಹಕ್ಕು ಖುಲಾಸೆ ಪತ್ರವನ್ನು ಯಾರಾದರೂ ಮುಂದಿಟ್ಟರೆ ಓದದೆ ಮುಟ್ಟಬೇಡ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಅದನ್ನು ಹಿಂದಕ್ಕೆ ತರುವುದು ಬಹಳ ಕಷ್ಟ. ಪಾಲುಪಟ್ಟಿ ನೋಂದಣಿಯಾದರೂ ಅಷ್ಟಕ್ಕೇ ಸುಮ್ಮನಾಗಬೇಡ. ಖಾತೆ ಬದಲಾವಣೆಯೂ ಮುಗಿದು ಪಹಣಿಯ 9ನೇ ಕಾಲಂನಲ್ಲಿ ನಿನ್ನ ಹೆಸರು ಬಂದದ್ದನ್ನು ಕಣ್ಣಾರೆ ನೋಡು. 11ನೇ ಕಾಲಂನಲ್ಲಿ ಸೊಸೈಟಿಯ ಬೆಳೆಸಾಲವಿದೆ. ಪಾಲಿಗೆ ಬಂದಷ್ಟು ಸಾಲವನ್ನೂ ನೀನು ಹೊರಬೇಕು, ಅದನ್ನು ತಮ್ಮನ ತಲೆಗೆ ಕಟ್ಟಬಾರದು. ನಿಮ್ಮಪ್ಪ ದುಡಿದು ಕೊಂಡ ಸೈಟಿನ ಮಾತು ಬೇರೆ. ಅದು ಸ್ವಯಾರ್ಜಿತ, ಅವರಿಷ್ಟ, ಅದನ್ನು ಕೇಳಬೇಡ.

ಹೆಸರು ಬಂದ ಮೇಲೆ ಗದ್ದೆಯನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ತಮ್ಮನೇ ಉಳುಮೆ ನೋಡಿಕೊಳ್ಳಲಿ, ಸುಗ್ಗಿಯಲ್ಲಿ ನಿನ್ನ ಪಾಲಿನ ಭತ್ತ ಕಳಿಸಲಿ. ಅಕ್ಕ ತಮ್ಮನ ನಡುವೆ ಮಾತು ಕೆಡುತ್ತದೆ ಎಂಬ ಭಯ ನಿನಗಿದೆ, ಗೊತ್ತು. ನಿಮ್ಮಪ್ಪ ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದ್ದಾರೆ. ಮೊದಲು ಮುಖ ಸಣ್ಣ ಮಾಡಿಕೊಂಡ, ರಾತ್ರಿ ಊಟದ ಹೊತ್ತಿಗೆ "ಕೊಳವೆಬಾವಿ ಇರೋ ಕಡೆ ಅಕ್ಕನಿಗೂ ನೀರು ಬರೋ ಹಾಗೆ ಹಂಚಬೇಕು" ಎಂದು ತಾನೇ ಅಂದ.

ಗೌರಿ ಹಬ್ಬಕ್ಕೆ ಎರಡು ದಿನ ರಜ ಹಾಕಿಕೊಂಡು ಬಾ. ಹಬ್ಬ ಕಳೆದ ಮೇಲೆ ಪತ್ರ ಬರೆಸೋಣ ಎಂದಿದ್ದಾರೆ ನಿಮ್ಮಪ್ಪ. ಆಧಾರ್, ಪ್ಯಾನ್ ಕಾರ್ಡು, ಎರಡು ಫೋಟೋ ತರಲು ಮರೆಯಬೇಡ.

ಇಂತಿ,
ನಿನ್ನ ಅಮ್ಮ