ಆ ಸನ್ಮಾನ ವಾಪಸ್ ಪಡೆಯಿರಿ, ಶಾಸಕರೇ

ಮಾನ್ಯ ಶಾಸಕರೇ,

ನಮಸ್ಕಾರ. ನಿಮ್ಮ ಕಚೇರಿಗೆ ಅರ್ಜಿ ಕೊಟ್ಟೆ, ಪಿಎಗೆ ಫೋನ್ ಮಾಡಿದೆ. ಉತ್ತರ ಬರಲಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಜೂನ್ 25ರಂದು ತುರ್ತು ಪರಿಸ್ಥಿತಿಯ ನೆನಪಿನ ಸಭೆಯಲ್ಲಿ ನೀವು ನಮ್ಮ ಬಡಾವಣೆಯ ಹಿರಿಯ ಮುಖಂಡರೊಬ್ಬರಿಗೆ ಮೈಸೂರು ಪೇಟ ತೊಡಿಸಿದಿರಿ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಯಿತು. ಮೈಕಿನಲ್ಲಿ 'ಪ್ರಜಾಪ್ರಭುತ್ವದ ಹೋರಾಟಗಾರರು' ಅಂದರು. ಹೋರಾಟ ಯಾರ ವಿರುದ್ಧ ಸ್ವಾಮಿ? ನಮ್ಮಪ್ಪನ ವಿರುದ್ಧವೇ?

1975ರಲ್ಲಿ ಇವರು ಆಳುವ ಪಕ್ಷದ ಮರಿ ಪುಢಾರಿ. ಪೊಲೀಸ್ ಜೀಪಿನ ಜೊತೆ ಬಂದು, ಗೇಟಿನಾಚೆ ನಿಂತು, "ಇದೇ ಮನೆ ಸಾರ್" ಅಂದವರು. ಒಲೆ ಮುಂದಿದ್ದ ಅಮ್ಮನಿಗೆ ಆ ದನಿ ಚೆನ್ನಾಗಿ ಗೊತ್ತಿತ್ತು. ಕರಪತ್ರ ಅಚ್ಚು ಹಾಕಿದ ತಪ್ಪಿಗೆ ಅಪ್ಪ, ವಿಚಾರಣೆಯೇ ಇಲ್ಲದೆ ಬಂಧನದಲ್ಲಿಡುವ ಮೀಸಾ ಕಾಯ್ದೆಯಲ್ಲಿ ಸೆಂಟ್ರಲ್ ಜೈಲು ಸೇರಿದರು. ಅಮ್ಮ ಬಳೆ ಅಡವಿಟ್ಟು ನಮ್ಮ ಫೀಸು ಕಟ್ಟಿದರು. ಈಗ ಫ್ರೀಡಂ ಪಾರ್ಕ್ ಆಗಿರುವ ಅದೇ ಜೈಲಿನಲ್ಲಿ ಅಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅಪ್ಪ ಬದುಕಿ ಬಂದರು. ಪ್ರೆಸ್ ಮಾತ್ರ ಮತ್ತೆ ತೆರೆಯಲಿಲ್ಲ.

ಆ ವರ್ಷ ದೆಹಲಿಯಲ್ಲಿ ಇಂದಿರಾ ಸೋತರೂ ಕರ್ನಾಟಕದ 28 ಸೀಟಿನಲ್ಲಿ 26 ಅವರ ಪಕ್ಷಕ್ಕೇ ಬಂತು. ಹಾಗಾಗಿ ಇಲ್ಲಿನ ಬಾಲಬಡುಕರಿಗೆ ಮುಖ ಮರೆಸುವ ಅಗತ್ಯವೇ ಬೀಳಲಿಲ್ಲ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ವರದಿ ಬಂತು. 1980ರಲ್ಲಿ ಇಂದಿರಾ ಮರಳಿದ ಮೇಲೆ ಅದು ಮೂಲೆ ಸೇರಿತು. 1983ರಲ್ಲಿ ಜನತಾ ಪಕ್ಷ ರಾಜ್ಯದಲ್ಲಿ ಗದ್ದುಗೆ ಏರಿದಾಗ ನಿಮ್ಮ ಹೋರಾಟಗಾರರು ಅತ್ತ ಜಿಗಿದರು. ಜೈಲಿಗೆ ಹೋಗಿ ಬಂದವರ ಪಕ್ಕದಲ್ಲೇ ಕೂತು ಫೋಟೋ ತೆಗೆಸಿಕೊಂಡರು!

ಇದು ಬರೀ ನಮ್ಮೂರಿನ ಕಥೆಯಲ್ಲ, ಒಪ್ಪುತ್ತೇನೆ. ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೋಗೆ ಮಂತ್ರಿಯಾಗಿದ್ದ ಮನುಯೆಲ್ ಫ್ರಾಗಾ ಆಮೇಲೆ ಚುನಾವಣೆ ಗೆದ್ದು, 1990ರಿಂದ 2005ರವರೆಗೆ ಗಲೀಸಿಯಾ ಪ್ರಾಂತ್ಯ ಆಳಿದರು. ಆದರೆ ಅವರನ್ನು ಫ್ರಾಂಕೋ ವಿರೋಧಿ ಅಂತ ಕರೆದು ಯಾರಾದರೂ ಹಾರ ಹಾಕಿದ್ದನ್ನು ನಾನಂತೂ ಓದಿಲ್ಲ. ಆ ಸಾಧನೆ ನಿಮ್ಮದೇ.

ನಮ್ಮ ಬಡಾವಣೆಯ ಆ ಮುಖಂಡರನ್ನು ಈ ವಯಸ್ಸಿನಲ್ಲಿ ಜೈಲಿಗೆ ಹಾಕಿ ಅಂತ ನಾನು ಕೇಳುತ್ತಿಲ್ಲ. ಸನ್ಮಾನ ವಾಪಸ್ ಪಡೆಯಿರಿ, ಅಷ್ಟೇ. ಅದನ್ನೂ ಪಿಎ ಮೂಲಕ ಅಲ್ಲ, ಅದೇ ವೇದಿಕೆಯಲ್ಲಿ, ಅದೇ ಮೈಕಿನಲ್ಲಿ ಹೇಳಿ.

ಅಂದಹಾಗೆ, ನಮ್ಮ ಪಾರ್ಕಿಗೆ ಅವರ ಹೆಸರಿಡುವ ಮಾತು ಕೇಳಿಬರುತ್ತಿದೆ. ಮೊದಲು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು ಅನ್ನುವುದು ನಿಮಗೆ ಗೊತ್ತೇ ಇದೆ, ಅಲ್ವಾ? ಮೊದಲನೆಯದು ನನ್ನದು ಅಂತ ಬರೆದುಕೊಳ್ಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಬೆಂಗಳೂರು