ಹಿಂದಿನ ಸೀಟಿನ ಒತ್ತಡ ಕಾಕ್‌ಪಿಟ್‌ಗೆ ಬಂದಾಗ

ಚಿ. ಸುಹಾಸನಿಗೆ ಆಶೀರ್ವಾದಗಳು.

ಚಾರ್ಟರ್ ಕಂಪನಿಯಲ್ಲಿ, ಅಂದರೆ ವಿಮಾನ ಬಾಡಿಗೆಗೆ ಕೊಡೋ ಕಂಪನಿಯಲ್ಲಿ, ಕೋ-ಪೈಲಟ್ ಕೆಲಸ ಸಿಕ್ಕಿತು ಅಂತ ಅಕ್ಕ ಫೋನ್ ಮಾಡಿದ್ದಳು, ತುಂಬಾ ಖುಷಿ ಆಯ್ತು ಕಣೋ. ವಿಮಾನ ಹಾರಿಸೋದನ್ನ ನಿನಗೆ ನಾನೇನು ಹೇಳಿಕೊಡಲಿ! ಆದರೆ ಕೆಲಸಕ್ಕೆ ಸೇರುವ ಮೊದಲು ಆಸ್ಪೆನ್ ಅಪಘಾತದ ತನಿಖಾ ವರದಿಯನ್ನು ಪೂರ್ತಿ ಓದು.

2001ರ ಮಾರ್ಚ್ 29, ಅಮೆರಿಕದ ಕೊಲೊರಾಡೊ. ಲಾಸ್ ಏಂಜಲೀಸ್‌ನಿಂದ ಬಂದ ಗಲ್ಫ್‌ಸ್ಟ್ರೀಮ್ ಚಾರ್ಟರ್ ಜೆಟ್ ಆಸ್ಪೆನ್ ರನ್‌ವೇಗೆ ಸುಮಾರು 2,400 ಅಡಿ ಮೊದಲೇ ನೆಲಕ್ಕೆ ಬಿತ್ತು. ಒಳಗಿದ್ದ 18 ಜನರೂ ಹೋದರು. ವಿಮಾನದಲ್ಲಿ ಏನೂ ಕೆಟ್ಟಿರಲಿಲ್ಲ.

ನನ್ನ ಪ್ರಕಾರ ಎಡವಟ್ಟು ಶುರುವಾಗಿದ್ದು ಲಾಸ್ ಏಂಜಲೀಸ್‌ನಲ್ಲೇ. ಪ್ರಯಾಣಿಕರು ತಡ ಮಾಡಿದರು, ವಿಮಾನ 41 ನಿಮಿಷ ತಡವಾಗಿ ಹೊರಟಿತು. ಆ ಜೆಟ್ ಆಸ್ಪೆನ್‌ನಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ, ಅಂದರೆ 6:58ಕ್ಕೆ ಮುಂಚೆ ಇಳಿಯಲೇಬೇಕಿತ್ತು. ತಲುಪುವ ಹೊತ್ತು ಲೆಕ್ಕ ಹಾಕಿದರೆ ಕೈಯಲ್ಲಿ ಉಳಿದಿದ್ದು 12 ನಿಮಿಷ. ಬೇರೆ ಕಡೆ ಇಳಿಯಬೇಕಾಗಬಹುದು ಅನ್ನೋ ಮಾತು ಕೇಳಿ ಚಾರ್ಟರ್ ಮಾಡಿದವರಿಗೆ ಸಿಟ್ಟು ಬಂತು, ಪೈಲಟ್ ಇಂಥದ್ದನ್ನೆಲ್ಲ ತನ್ನಲ್ಲೇ ಇಟ್ಟುಕೊಳ್ಳಲಿ ಅಂತ ಅವರ ಕಡೆಯಿಂದ ಕಂಪನಿಗೆ ಫೋನ್ ಹೋಯ್ತು. ಸಾಲದ್ದಕ್ಕೆ, ಇಳಿಯುವ ಹೊತ್ತಿಗೆ ಒಬ್ಬ ಪ್ರಯಾಣಿಕ ಕಾಕ್‌ಪಿಟ್‌ನ ಜಂಪ್‌ಸೀಟ್‌ನಲ್ಲಿ (ಪೈಲಟ್‌ಗಳ ಹಿಂದಿರೋ ಹೆಚ್ಚುವರಿ ಸೀಟು) ಬಂದು ಕೂತಿದ್ದ. ಅಂಥವನ ಎದುರಿಗೆ 'ಆಗಲ್ಲ, ವಾಪಸ್ ಹೋಗೋಣ' ಅನ್ನೋದು ಎಷ್ಟು ಕಷ್ಟ ಅಂತ ಯೋಚನೆ ಮಾಡು.

ಕತ್ತಲು, ಹಿಮ, ಸುತ್ತ ಬೆಟ್ಟ. ಮುಂದೆ ಹೋದ ಕೆಲವು ವಿಮಾನಗಳು ರನ್‌ವೇ ಕಾಣದೆ ಮತ್ತೆ ಮೇಲೇರಿದ್ದವು. ಇವರು ಮಾತ್ರ ರನ್‌ವೇ ಸರಿಯಾಗಿ ಕಾಣದಿದ್ದರೂ ಕನಿಷ್ಠ ಎತ್ತರ ದಾಟಿ ಕೆಳಗಿಳಿದರು; ರನ್‌ವೇ ಕಾಣದೆ ಇಳಿಯಬಾರದ ಆ ಮಿತಿ ಅಲ್ಲಿ ಸಮುದ್ರಮಟ್ಟದಿಂದ 10,200 ಅಡಿ. ಬಿದ್ದಾಗ 7:02.

ಪೈಲಟ್ ತಪ್ಪು ಅಂತ ಹೇಳಿ ಸುಮ್ನಾಗೋದು ಸುಲಭ, ಮುಖ್ಯ ಕಾರಣ ಅದೇ ಹೌದು. ಆದರೆ ತನಿಖೆ ಮಾಡಿದ ಎನ್‌ಟಿಎಸ್‌ಬಿ (ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ) ಅಷ್ಟಕ್ಕೇ ನಿಲ್ಲಿಸಲಿಲ್ಲ. ಗ್ರಾಹಕರ ಒತ್ತಡವನ್ನೂ ಕಾರಣಗಳಲ್ಲಿ ಬರೆಯಿತು. ರಾತ್ರಿ ಇಳಿಯುವ ವಿಧಾನದ ಮೇಲಿನ ನಿರ್ಬಂಧದ ಬಗ್ಗೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಹೊರಡಿಸಿದ್ದ ನೋಟಾಮ್ (ಪೈಲಟ್‌ಗಳಿಗೆ ಕೊಡೋ ಸೂಚನೆ) ಗೊಂದಲದ್ದಾಗಿತ್ತು, ಆಸ್ಪೆನ್ ಕಂಟ್ರೋಲ್ ಟವರ್‌ಗೆ ಅದು ತಲುಪಿರಲೂ ಇಲ್ಲ ಅಂತಲೂ ಬರೆಯಿತು.

ನೀನು ಕೋ-ಪೈಲಟ್ ಆಗಿರ್ತೀಯ, ಪಕ್ಕದಲ್ಲಿ ಅನುಭವಿ ಕ್ಯಾಪ್ಟನ್ ಇರ್ತಾರೆ. ಮರ್ಯಾದೆ ಕೊಡು, ಬೇಡ ಅನ್ನಲ್ಲ. ಆದರೆ ಕನಿಷ್ಠ ಎತ್ತರಕ್ಕೆ ಬಂದಾಗ ರನ್‌ವೇ ಕಾಣದಿದ್ದರೆ ಬಾಯಿಬಿಟ್ಟು 'ಗೋ ಅರೌಂಡ್' ಅನ್ನು, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರೋಣ ಅಂತ. ಆಮೇಲೆ ಬೈದರೆ ಬೈಸಿಕೊಂಡರಾಯ್ತು. ಎಲ್ಲಿ, ಎಷ್ಟು ಹೊತ್ತಿಗೆ ಬೇರೆ ಕಡೆ ತಿರುಗಬೇಕು ಅನ್ನೋದನ್ನ ಹೊರಡುವ ಮೊದಲೇ ಇಬ್ಬರೂ ಮಾತಾಡಿ, ಪ್ರಯಾಣಿಕರಿಗೂ ನೆಲದ ಮೇಲಿರುವಾಗಲೇ ಹೇಳಿಬಿಡಿ. ಮೇಲೆ ಹೋದ ಮೇಲೆ ಆ ಚರ್ಚೆಗೆ ಯಾರಿಗೂ ಪುರುಸೊತ್ತು ಇರಲ್ಲ.

ಇನ್ನೊಂದು, ಮೊದಲ ವಾರವೇ ಆಫೀಸಿನಲ್ಲಿ ಕೇಳು: ಹೇಳಿದ ಕಡೆ ಇಳಿಯೋಕೆ ಆಗದೆ ಗ್ರಾಹಕ ರೇಗಿದರೆ, ಅವನ ಫೋನ್ ತಗೊಳ್ಳೋದು ಯಾರು? ಏನಂದರು ಅಂತ ನನಗೂ ತಿಳಿಸು.

ನಿನ್ನ ಮಾವ